ಮಡಿ ಹಗ್ಗದ ಕೆಳಗಿನ ಪೆಟ್ಟಿಗೆ

ನಮ್ಮ ಹೋಟೆಲಿಗೆ ಬಂದ ಹೊಸ ಗಿರಾಕಿ ಯಾರಾದರೂ ತಪ್ಪಿ ಆಮ್ಲೆಟ್ ಕೇಳಿಬಿಟ್ಟರೆ ಅಪ್ಪಯ್ಯ ಗಲ್ಲಾದಲ್ಲಿ ಕೂತಲ್ಲೇ ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಕುಂದಾಪುರದ ಕಡೆಯಿಂದ ಬಂದು, ಮದರಾಸಿನ ನುಂಗಂಬಾಕ್ಕಂನಲ್ಲಿ ಇಡ್ಲಿ, ದೋಸೆ, ಕಾಫಿ ನಂಬಿ ಬದುಕು ಕಟ್ಟಿದ ಮನೆತನ ನಮ್ಮದು. ಕೆಳಗೆ ಹೋಟೆಲು, ಮಹಡಿಯಲ್ಲಿ ಮನೆ, ಅದರ ಮೇಲೆ ತಾರಸಿ. ಅರವತ್ತರ ದಶಕದ ಆರಂಭದ ಒಂದು ಬೇಸಿಗೆಯಲ್ಲಿ ಆ ತಾರಸಿಯ ಮೇಲೆ ಆ ಮನೆಯ ಹಿರಿಮಗನಾದ ನಾನು ನೂರಾರು ಮೊಟ್ಟೆಗಳನ್ನು ಹೂತಿಟ್ಟಿದ್ದೆ.

ಕಡಲಾಮೆಗಳ ವಿಷಯ ಎಲ್ಲಿ ಕಲಿತಿರಿ ಎಂದು ಈಗಲೂ ಜನ ಕೇಳುತ್ತಾರೆ. ನಮ್ಮ ತಾರಸಿಯಲ್ಲಿ ಎಂದರೆ ನಗುತ್ತಾರೆ. ನಗಲಿ, ನನಗೇನೂ ಬೇಸರವಿಲ್ಲ.

ಶುರುವಾದದ್ದು ಸಸಿ ನೆಡುವುದರಿಂದ. ಐವತ್ತರ ದಶಕದಲ್ಲಿ ಶಾಲೆಗೆ ಹೋಗುತ್ತಿದ್ದ ನಮಗೆಲ್ಲ ವನಮಹೋತ್ಸವದ ಹುಚ್ಚು ಹಿಡಿಸಿದ್ದರು. ಖಾಕಿ ಚಡ್ಡಿ ತೊಟ್ಟು, ಗುದ್ದಲಿ ಹೊತ್ತು ಕೀಲ್ಪಾಕ್ ಕಡೆಯ ರಸ್ತೆಗಳಲ್ಲಿ ಬೇವಿನ ಸಸಿ ನೆಟ್ಟು ಬರುತ್ತಿದ್ದೆವು. ನಾವು ನೆಟ್ಟದ್ದನ್ನು ಆಡುಗಳು ಮೇದು ಹೋಗುತ್ತಿದ್ದವು. ಮರುವರ್ಷ ಅದೇ ಗುಂಡಿಗೆ ಇನ್ನೊಂದು ಸಸಿ, ಇನ್ನೊಂದು ಭಾಷಣ. ಗಣ್ಯರು ಬಂದು ನೀರೆರೆದು ಹೋದ ಮೇಲೆ ಆ ಸಸಿಯನ್ನು ತಿರುಗಿ ನೋಡುವವರೇ ಇರುತ್ತಿರಲಿಲ್ಲ. ನನಗೆ ಆಗಲೇ ಸಿಟ್ಟು ಬರುತ್ತಿತ್ತು. ಬದುಕಿತೋ ಸತ್ತಿತೋ ನೋಡದೆ ಮಾಡುವ ಸೇವೆ ಯಾವ ಸೇವೆ ಎಂದು ಮೇಷ್ಟರ ಹತ್ತಿರ ಜಗಳವಾಡಿ ಬೆಂಚಿನ ಮೇಲೆ ನಿಂತದ್ದೂ ಉಂಟು.

ಕಾಲೇಜಿಗೆ ಬಂದಾಗ ಸೇವಾದಳ ಸೇರಿದೆ. ಅಡೆಯಾರಿನಿಂದ ಆಚೆ, ಕಡಲ ದಂಡೆಯ ಒಂದು ಕುಪ್ಪಂನಲ್ಲಿ, ಅಂದರೆ ಮೀನುಗಾರರ ಕೇರಿಯಲ್ಲಿ, ನಮ್ಮ ಕೆಲಸ: ಚರಂಡಿ ತೋಡುವುದು, ಮಕ್ಕಳಿಗೆ ಅಕ್ಷರ ಹೇಳಿಕೊಡುವುದು. ಉಳಿದ ಹುಡುಗರು ಬಿಸಿಲೇರಿದ ಮೇಲೆ ಆಕಳಿಸುತ್ತ ಬರುತ್ತಿದ್ದರು. ನಾವೋ ಹೋಟೆಲಿನವರು, ನಾಲ್ಕಕ್ಕೆ ರುಬ್ಬುಗಲ್ಲಿನ ಸದ್ದಿಗೆ ಎದ್ದು ಅಭ್ಯಾಸ. ಸೈಕಲ್ ತುಳಿದು ಎಲ್ಲರಿಗಿಂತ ಮೊದಲು ಕಡಲಿಗೆ ತಲುಪುತ್ತಿದ್ದೆ. ಹಾಗೆ ತಲುಪಿದ ಒಂದು ಬೆಳಿಗ್ಗೆ ಮರಳಿನ ಮೇಲೆ, ನೀರಿನಿಂದ ಮೇಲಕ್ಕೆ, ಯಾರೋ ಅಕ್ಕಿ ಮೂಟೆ ಎಳೆದುಕೊಂಡು ಹೋದಂಥ ಗುರುತು ಕಂಡಿತು. ಹಿಂಬಾಲಿಸಿದೆ. ಗುರುತು ಮುಗಿದಲ್ಲಿ ನಾಯಿಗಳು ಗುಂಡಿ ಬಗೆದು ಬಿಳಿಯ ಮೊಟ್ಟೆಗಳನ್ನು ತಿನ್ನುತ್ತಿದ್ದವು.

ನಾಯಿ ಓಡಿಸಿದೆ. ಉಳಿದ ಮೊಟ್ಟೆಗಳಲ್ಲಿ ಒಂದನ್ನು ಕೈಗೆತ್ತಿಕೊಂಡೆ. ಹತ್ತೊಂಬತ್ತು ತುಂಬಿದ ನಾನು ಅಲ್ಲಿಯವರೆಗೆ ಜೀವಮಾನದಲ್ಲಿ ಮೊಟ್ಟೆ ಮುಟ್ಟಿದವನಲ್ಲ. ನಿಂಬೆಹಣ್ಣಿನಷ್ಟು ದೊಡ್ಡದು, ಮೆತ್ತಗೆ, ಒದ್ದೆ. ಎಲ್ಲಿಡುವುದೆಂದು ತಿಳಿಯದೆ ಎರಡೂ ಅಂಗೈಯಲ್ಲಿ ಹಿಡಿದುಕೊಂಡು ನಿಂತೆ. ನೀರು ಹೊತ್ತು ಬರುತ್ತಿದ್ದ ಕುಪ್ಪಂನ ಹೆಂಗಸೊಬ್ಬಳು ನನ್ನ ಅವಸ್ಥೆ ನೋಡಿ, “ಎನ್ನ ತಂಬಿ, ಸಮೈಕ್ಕವಾ?” ಎಂದು ನಕ್ಕಳು. ಅಡುಗೆಗಲ್ಲ, ಮರಿ ಮಾಡಿಸುತ್ತೇನೆ ಎಂದು ಹರುಕು ತಮಿಳಿನಲ್ಲಿ ಹೇಳಿದೆ. ಹೇಳಿದ ಮೇಲೆ ಮಾಡದೆ ಗತಿಯಿರಲಿಲ್ಲ.

ಆ ಕೆಲವು ವಾರ ಬುಟ್ಟಿಯಲ್ಲಿ ಒದ್ದೆ ಮರಳು ಹಾಸಿ, ನಾಯಿಯ ಬಾಯಿಂದ ತಪ್ಪಿದ ಮೊಟ್ಟೆಗಳನ್ನು ತಂದು ತಾರಸಿಗೆ ಏರಿಸಿದೆ. ಹೋಟೆಲಿಗೆ ಚಹಾಪುಡಿ ಬರುತ್ತಿದ್ದ ಮರದ ಪೆಟ್ಟಿಗೆಗಳು ರಾಶಿ ಬಿದ್ದಿದ್ದವು. ಅವುಗಳಿಗೆ ಮರಳು ತುಂಬಿ ಮೊಟ್ಟೆ ಹೂತೆ. “ಇದೆಂತದಾ ಮಾಣಿ?” ಎಂದು ಅಮ್ಮ ಕೇಳಿದಾಗ “ಸೇವಾದಳದ್ದು” ಎಂದೆ. ಸಸಿ ಎಂದು ಅಮ್ಮ ತಿಳಿದುಕೊಂಡಳು. ನಾನು ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ಕಾಲೇಜಿನಲ್ಲಿ ನಾನು ಓದುತ್ತಿದ್ದ ಪ್ರಾಣಿಶಾಸ್ತ್ರವೆಂದರೆ ದನಕರುಗಳ ವಿದ್ಯೆ ಎಂದು ನಂಬಿದ್ದವಳು ಅವಳು. ಅದನ್ನೂ ನಾನು ತಿದ್ದಿರಲಿಲ್ಲ.

ಇನ್ನು ಮರಿ ಮಾಡಿಸುವ ವಿದ್ಯೆ. ಅದನ್ನು ನಾನು ಎಲ್ಲಿಂದ ತರಲಿ? ನಮ್ಮ ತಾರಸಿಯಲ್ಲಿ ಬೇಸಿಗೆಯಿಡೀ ಹಪ್ಪಳ, ಸಂಡಿಗೆ ಒಣಗುತ್ತಿದ್ದವು. ಒಂದು ಮಗ್ಗುಲು ಕಾದ ಮೇಲೆ ಮಗುಚಿ ಹಾಕುವುದು ನಮ್ಮ ಮನೆಯ ಮಕ್ಕಳು ಅಕ್ಷರಕ್ಕೂ ಮೊದಲು ಕಲಿಯುವ ಕೆಲಸ. ಕೆಳಗೆ ಕಾವಲಿಯ ಮೇಲೆ ದೋಸೆಯದೂ ಅದೇ ಕಥೆ. ಹಾಗಾಗಿ ಮೊಟ್ಟೆಗೂ ಎರಡೂ ಕಡೆ ಸಮನಾಗಿ ಕಾವು ಬೇಕು ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ದಿನವೂ ಸಂಜೆ ಮರಳು ಸರಿಸಿ, ಪ್ರತಿಯೊಂದು ಮೊಟ್ಟೆಯನ್ನೂ ಮೆಲ್ಲಗೆ ಮಗುಚಿ, ಮತ್ತೆ ಮುಚ್ಚುತ್ತಿದ್ದೆ. ಎಂಥ ಭಕ್ತಿ! ಹಪ್ಪಳಕ್ಕೂ ಅಷ್ಟು ನಾಜೂಕು ಮಾಡಿದವನಲ್ಲ.

ಒಂದು ಪೆಟ್ಟಿಗೆಗೆ ಮಾತ್ರ ಆ ಸೇವೆ ಸಿಗಲಿಲ್ಲ. ಹಪ್ಪಳದ ಚಾಪೆಗಳು ತಾರಸಿ ತುಂಬಿದ್ದರಿಂದ ಅಮ್ಮ ತನ್ನ ಮಡಿಬಟ್ಟೆಯ ಹಗ್ಗವನ್ನು ಮೂಲೆಗೆ ಕಟ್ಟಿಕೊಂಡಳು. ಆ ಮೂಲೆಯಲ್ಲಿ, ಆ ಬೆಳಿಗ್ಗೆಯಷ್ಟೇ ಮೊಟ್ಟೆ ಹೂತ ನನ್ನ ಪೆಟ್ಟಿಗೆಯೊಂದಿತ್ತು. ಸ್ನಾನ ಮಾಡಿ, ಸೀರೆ ಹಿಂಡಿ, ಕೋಲಿನ ತುದಿಯಿಂದ ಹಗ್ಗಕ್ಕೆ ಏರಿಸಿದಳೆಂದರೆ ಮುಗಿಯಿತು; ಮರುದಿನ ನಸುಕಿನಲ್ಲಿ ಮಿಂದು ಅವಳೇ ಬಂದು ತೆಗೆಯುವ ತನಕ ಆ ಸುತ್ತ ಯಾರೂ ಸುಳಿಯುವಂತಿರಲಿಲ್ಲ. ಊರೆಲ್ಲ ಸುತ್ತಿ ಬಂದ ನನ್ನ ಮೈಗೆ ಆ ಸೀರೆಯ ಅಂಚು ತಗಲಿದರೂ ಸಾಕು, ಅವಳು ಮತ್ತೆ ನೀರಿಗಿಳಿಯಬೇಕಿತ್ತು. ಪೆಟ್ಟಿಗೆ ಈಚೆ ತರೋಣವೆಂದರೆ ಒಳಗೇನಿದೆ ಎಂಬ ಮಾತು ಬರುತ್ತದೆ. ಸೀರೆ ತೊಟ್ಟಿಕ್ಕುತ್ತ ಮರಳು ಒದ್ದೆಯಾಗುವುದನ್ನು ದೂರದಿಂದ ನೋಡುತ್ತಿದ್ದೆ. ಪಾಪ, ಈ ಮೊಟ್ಟೆಗಳು ಒಂದೇ ಮಗ್ಗುಲಿಗೆ ಬಿದ್ದು ಕೆಟ್ಟುಹೋಗುತ್ತವಲ್ಲ ಎಂದು ಅವುಗಳ ಮೇಲೆ ನನಗೆ ತುಂಬಾ ಮರುಕವಿತ್ತು.

ಈ ಮಧ್ಯೆ ನನ್ನ ಬಿ.ಎಸ್‌ಸಿ. ಪರೀಕ್ಷೆ ಮುಗಿಯಿತು. ಮುಗಿದ ಸಂಜೆಯೇ ಅಪ್ಪಯ್ಯ, “ಇನ್ನೆಂತ, ಬಪ್ಪು ತಿಂಗ್ಳಿಂದ ಗಲ್ಲಾದಂಗೆ ಕೂಕೋ. ನಂಗೂ ಸೊಂಟ ನೋವು” ಎಂದರು. ನನಗೆ ಗಲ್ಲಾ ಬೇಡವಾಗಿತ್ತು. ನಮ್ಮ ಪ್ರಾಣಿಶಾಸ್ತ್ರದ ಪ್ರೊಫೆಸರರ ಕೆಳಗೆ ಸಂಶೋಧನೆಗೆ ಸೇರುವ ಆಸೆ. ಅವರು ತಲೆಮಾರುಗಳ ಹಿಂದೆ ಮದರಾಸಿಗೆ ಬಂದು ನೆಲೆಸಿದ ವೈಷ್ಣವ ಮನೆತನದವರು. ಕೋಟಿನ ಮೇಲೆ ಟೈ, ಹಣೆಯ ಮೇಲೆ ಅಂಗಾರ ಅಕ್ಷತೆ; ಬಾಯಲ್ಲಿ ಕನ್ನಡ, ತಮಿಳು, ಇಂಗ್ಲಿಷು ಒಂದೇ ಪಾತ್ರೆಯಲ್ಲಿ ಕಲಸಿದ ಮಾತು. ಕೇಳಿಕೊಳ್ಳಲು ಹೋದಾಗ ಅವರು ಹೇಳಿದ್ದು ಇಷ್ಟೇ: “ಮಾರ್ಕ್ಸ್ ಎಲ್ಲಾ ಶರಿಪ್ಪಾ. ಆನಾ ನಿಂದೇ ಅಂತ ಒಂದು ಕೇಳ್ವಿ ಬೇಕು. ಇನ್ನೊಬ್ಬರು ಕೇಳಿರದ ಪ್ರಶ್ನೆ. ಅದು ಸಿಕ್ಕಿದ ಅಪ್ಪುರಂ ಬಾ.”

ನನ್ನ ಹತ್ತಿರ ಪ್ರಶ್ನೆ ಇರಲಿಲ್ಲ, ಮೊಟ್ಟೆಗಳಿದ್ದವು. ಮರಿ ಬಂದರೆ ಅವರ ಮೇಜಿನ ಮೇಲೆ ತಂದಿಡುತ್ತೇನೆ, ಆಗ ಹೇಗೆ ಬೇಡವೆನ್ನುತ್ತಾರೆ ನೋಡೋಣ ಎಂದು ಲೆಕ್ಕ ಹಾಕಿದ್ದೆ.

ಆ ಲೆಕ್ಕ ಕೆಡಿಸಿದ್ದು ಒಂದು ಕಾಗೆ. ಒಂದು ಮಧ್ಯಾಹ್ನ ಅದು ಯಾವುದೋ ಪೆಟ್ಟಿಗೆಯನ್ನು ಕೆದಕಿ, ಮೊಟ್ಟೆಯೊಂದನ್ನು ಎತ್ತಿ, ಹಾರುವಾಗ ಕೊಕ್ಕಿನಿಂದ ಜಾರಿಸಿತು. ಬೀಳಲು ಅದಕ್ಕೆ ಬೇರೆ ಜಾಗವೇ ಸಿಗಲಿಲ್ಲ. ಹೋಟೆಲಿನ ಹಿಂದಿನ ಅಂಗಳದಲ್ಲಿ, ಸರಿಯಾಗಿ ರುಬ್ಬುಗಲ್ಲಿನ ಬುಡಕ್ಕೇ ಬಿದ್ದು ಒಡೆಯಿತು. ಅಡುಗೆಯವರೆಲ್ಲ ಹೋ ಎಂದರು. ಅಪ್ಪಯ್ಯ ಬಂದು ನೋಡಿ, ತಲೆಯೆತ್ತಿ ತಾರಸಿ ನೋಡಿ, ಆಮೇಲೆ ನನ್ನ ಮುಖ ನೋಡಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ನಾನು ಆಗಲೇ ಮೆಟ್ಟಿಲ ಕಡೆ ಸರಿಯುತ್ತಿದ್ದೆ.

“ನಮ್ ಹೋಟ್ಲ್ ಮಾಡಿನ್ ಮೇಲ್ ಮೊಟ್ಟಿಯಾ! ನಿಂಗ್ ಮರ್ಲಾ, ಹುಚ್ಚಾ?” ಎಂದು ಅವರು ಕೂಗಿದ ಸದ್ದಿಗೆ ಕಾಫಿ ಕುಡಿಯುತ್ತಿದ್ದವರು ಲೋಟ ಹಿಡಿದುಕೊಂಡೇ ಎದ್ದುನಿಂತರು.

ಒಂದೊಂದಾಗಿ ಪೆಟ್ಟಿಗೆಗಳನ್ನು ಅವರೆದುರೇ ಬಿಚ್ಚಬೇಕಾಯಿತು. ಎಲ್ಲವೂ ಸತ್ತಿದ್ದವು. ಕೆಲವು ಕಪ್ಪಾಗಿದ್ದವು, ಕೆಲವು ಒಣಗಿ ಕುಸಿದಿದ್ದವು, ನಾತ ತಡೆಯಲಾಗದಷ್ಟು. ದಿನವೂ ಅಷ್ಟು ಪ್ರೀತಿಯಿಂದ ಮಗುಚಿದ್ದೆನಲ್ಲ, ನನಗೆ ಅಳು ಬಂತು, ಅತ್ತೆ. ಅಪ್ಪಯ್ಯನ ಸಿಟ್ಟು ಅದರಿಂದ ಸ್ವಲ್ಪ ಇಳಿಯಿತು. ಎಲ್ಲ ಹೊರಗೆ ಸಾಗಿಸು, ಮೀಯು, ನಾಳೆಯಿಂದ ಗಲ್ಲಾ ಎಂದರು. ಮೂಲೆಯ ಪೆಟ್ಟಿಗೆ ಒಂದು ಉಳಿಯಿತು. ಅದರ ಮೇಲೆ ಅಮ್ಮನ ಸೀರೆ ಇಳಿಬಿದ್ದಿತ್ತು. ಅಪ್ಪಯ್ಯನಿಗೂ ಅಲ್ಲಿ ಕೈ ಹಾಕುವ ಧೈರ್ಯವಿಲ್ಲ. “ಬೆಳಿಗ್ಗೆ ಅವ್ಳ್ ಬಟ್ಟಿ ತೆಗ್ದ್ ಮೇಲೆ ಅದನ್ನೂ ಬಿಸಾಡ್” ಎಂದು ಕೆಳಗಿಳಿದರು.

ಮರುದಿನ ನಸುಕಿನಲ್ಲಿ ಗಲ್ಲಾಕ್ಕೆ ಕೂರಲೆಂದು ನಾನು ಇಸ್ತ್ರಿ ಅಂಗಿ ತೊಡುತ್ತಿದ್ದೆ. ಮಿಂದು, ಒದ್ದೆ ಬಟ್ಟೆಯಲ್ಲಿ ಮಡಿ ಸೀರೆ ತೆಗೆಯಲು ತಾರಸಿಗೆ ಹೋದ ಅಮ್ಮ ಅಲ್ಲಿಂದ ಕೂಗಿದಳು. ಹಾವೇನಾದರೂ ಬಂತೋ ಎಂದು ಅಪ್ಪಯ್ಯ, ನಾನು ಇಬ್ಬರೂ ಓಡಿದೆವು.

ಸೀರೆಯ ಕೆಳಗೆ ಪೆಟ್ಟಿಗೆಯ ಮರಳು ಕುದಿಯುವ ಗಂಜಿಯ ಹಾಗೆ ಅಲ್ಲಾಡುತ್ತಿತ್ತು. ಮರಳಿನಿಂದ ಪುಟ್ಟ ಕಪ್ಪು ತಲೆಗಳು, ರೆಕ್ಕೆಯಂಥ ಕೈಗಳು. ಒಂದರ ಬೆನ್ನ ಮೇಲೊಂದು ಹತ್ತಿ, ಅಂಚು ದಾಟಿ, ದೊಪ್ಪನೆ ತಾರಸಿಗೆ ಬಿದ್ದು, ಬೀದಿ ದೀಪದ ಬೆಳಕಿನ ಕಡೆಗೆ ಹಪ್ಪಳದ ಚಾಪೆ ತುಳಿದುಕೊಂಡು ನಡೆದಿದ್ದವು. ಅಮ್ಮ ಎರಡೂ ಕೈ ಜೋಡಿಸಿ ನಿಂತಿದ್ದಳು. “ಹೋಯ್, ಇಲ್ಲ್ ಕಾಣಿ! ಕೂರ್ಮಾವತಾರ! ನನ್ನ ಮಡಿ ಸೀರಿ ಬುಡದಂಗೆ!”

ಆ ಸಂತೋಷವನ್ನು ಈಗಲೂ ವಿವರಿಸಲಾರೆ. ಕುಣಿಯುವುದೂ ಮರಿ ಹಿಡಿಯುವುದೂ ಒಟ್ಟಿಗೇ ನಡೆದಿತ್ತು. ಅಪ್ಪಯ್ಯ ಮಾತ್ರ ಬೈಯಲೆಂದು ಬಾಯಿ ತೆರೆದವರು ಹಾಗೇ ನಿಂತರು. ಮೊಟ್ಟೆಯನ್ನು ಎಷ್ಟು ಬೇಕಾದರೂ ಬೈಯಬಹುದು, ಆದರೆ ಅವತಾರವನ್ನು ಬೈಯುವುದು ಹೇಗೆ? ಅಮ್ಮ ಹಿತ್ತಾಳೆಯ ಹರಿವಾಣದಲ್ಲಿ ಒದ್ದೆ ಬಟ್ಟೆ ಹಾಸಿ ಮರಿಗಳನ್ನು ತುಂಬಿಸಿದಳು. ತಾನೂ ಬರುತ್ತೇನೆಂದು ಸೈಕಲ್ ರಿಕ್ಷಾ ಹತ್ತಿದಳು. ಮದರಾಸಿಗೆ ಬಂದು ಅಷ್ಟು ವರ್ಷವಾಗಿದ್ದರೂ ಅವಳು ಕಡಲ ಹತ್ತಿರ ಸೂರ್ಯ ಹುಟ್ಟುವುದನ್ನು ನೋಡಿದ್ದು ಅದೇ ಮೊದಲು.

ಮಧ್ಯಾಹ್ನ ಪ್ರೊಫೆಸರರ ಮುಂದೆ ನಿಂತೆ. ಉಳಿದ ಪೆಟ್ಟಿಗೆಗಳೆಲ್ಲ ಸತ್ತವು, ಇದೊಂದೇ ಬದುಕಿತು. ಇದನ್ನು ಮಾತ್ರ ಯಾರೂ ಮಗುಚಿರಲಿಲ್ಲ, ಮುಟ್ಟಿಯೂ ಇರಲಿಲ್ಲ ಎಂದೆ. ಅವರು ಕನ್ನಡಕ ತೆಗೆದರು.

“ಯಾರೂ ಮುಟ್ಟಿಲ್ಲ ಅಂತ ನಿಂಗೆ ಎಪ್ಪಡಿ ಗೊತ್ತು? ಮನೆ ತುಂಬಾ ಜನ ಇರ್ತಾರೆ.”

“ಅದರ ಮೇಲೆ ನಮ್ಮಮ್ಮನ ಮಡಿ ಸೀರೆ ಇತ್ತು ಸಾರ್.”

ಬೇರೆ ಯಾವ ಪ್ರೊಫೆಸರಾಗಿದ್ದರೂ ನಗುತ್ತಿದ್ದರು. ಇವರು ಕುರ್ಚಿಯಲ್ಲಿ ನೆಟ್ಟಗೆ ಕೂತರು. “ಅಯ್ಯೋ! ಹಾಗಾದ್ರೆ ಖಂಡಿತಾ ಯಾರೂ ಮುಟ್ಟಿಲ್ಲ. ನಮ್ಮನೇಲಿ ಆ ಮಡಿ ಹಗ್ಗದ ಪಕ್ಕ ನಾನೇ ಹೋಗಲ್ಲ. ಬೀಗ ಹಾಕಿದ ಲ್ಯಾಬೋರೇಟರಿಗಿಂತ ಅದು ಭದ್ರಂ.” ಕನ್ನಡಕ ಮತ್ತೆ ಏರಿಸಿಕೊಂಡು ಮುಂದುವರಿಸಿದರು: “ಆನಾ ಕೇಳು. ಸೀರೆ ಅಂದ್ರೆ ನೆರಳು. ನೆರಳಿಂದ ಬದುಕಿತಾ? ತೊಟ್ಟಿಕ್ಕಿದ ನೀರಿಂದ ಬದುಕಿತಾ? ಇಲ್ಲಾ, ನೀನು ಮುಟ್ಟಲಿಲ್ಲ ಅಂತ ಬದುಕಿತಾ? ನಂಗೆ ಕೇಳಿದ್ರೆ ನೆರಳು ಅಂತೀನಿ.”

“ಮುಟ್ಟದೇ ಇದ್ದದ್ದರಿಂದ” ಎಂದೆ ನಾನು. ಅವರ ಮುಂದೆ ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ಅವರು ನಕ್ಕರು. “ನಿನ್ನ ಕೇಳ್ವಿ ಸಿಕ್ಕಿತಲ್ಲ. ಹೋಗು, ಮುಂದಿನ ಸೀಸನ್‌ಗೆ ಅದನ್ನೇ ಮಾಡು. ಉತ್ತರ ತಂದ್ರೆ ಸೀಟು ನಿಂದು.”

ಮನೆಯಲ್ಲಿ ಅಪ್ಪಯ್ಯನನ್ನು ಒಪ್ಪಿಸುವುದು ಅದಕ್ಕಿಂತ ಕಷ್ಟ. ಅಮ್ಮ ನನ್ನ ಪರ ವಾದಿಸಿದಳು, ಅವರು ಮೂರು ದಿನ ಗಲ್ಲಾದಲ್ಲಿ ಕೂತು ಯೋಚಿಸಿ, ಕೊನೆಗೆ ನನ್ನನ್ನು ಕರೆದು ಹೇಳಿದರು: “ಒಂದ್ಸಲ ಬಂದದ್ದ್ ದೇವ್ರ ಕೆಲ್ಸ. ಬಪ್ಪು ವರ್ಷ ಯಾವ್ ಪೆಟ್ಗಿಂದ ಬತ್ತ್, ಯಾವ್ದ್ರಂಗೆ ಬಪ್ಪುದಿಲ್ಲ ಅಂದ್ ಮೊದ್ಲೇ ಹೇಳ್. ಹಾಂಗೇ ಆರೆ ಅದ್ ನಿನ್ ಕೆಲ್ಸ. ಇಲ್ದಿರೆ ಮಾತಾಡ್ದೆ ಗಲ್ಲಾದಂಗೆ ಕೂಕೋ.” ಪ್ರೊಫೆಸರರು ತರಗತಿಯಲ್ಲಿ ಇಂಗ್ಲಿಷಿನಲ್ಲಿ ಒಂದು ತಾಸು ವಿವರಿಸುತ್ತಿದ್ದುದನ್ನು ಅಪ್ಪಯ್ಯ ಕುಂದಾಪುರದ ಮಾತಿನಲ್ಲಿ ಕಾಫಿ ಆರುವುದರೊಳಗೆ ಮುಗಿಸಿದ್ದರು.

ಆ ವರ್ಷವಿಡೀ ಹಗಲು ಹೋಟೆಲಿನಲ್ಲಿ ದುಡಿದೆ, ಬಿಡುವಾದಾಗ ಕಾಲೇಜಿನ ಲೈಬ್ರರಿಯಲ್ಲಿ ಓದಿದೆ. ಸೀಸನ್ ಬಂದಾಗ ಸೇವಾದಳದ ಗೆಳೆಯರನ್ನೂ ನಸುಕಿಗೆ ಎಬ್ಬಿಸಿ ಕಡಲಿಗೆ ಎಳೆದುಕೊಂಡು ಹೋದೆ. ಮೊದಲ ವರ್ಷ ನಕ್ಕಿದ್ದ ಕುಪ್ಪಂನ ಹೆಂಗಸೇ ಈ ಸಲ ನಾವು ಬರುವ ತನಕ ನಾಯಿಗಳನ್ನು ಕಾದು ಕೂತಿರುತ್ತಿದ್ದಳು.

ತಾರಸಿಯ ಮೇಲೆ ಈ ಸಲ ಎಲ್ಲ ಬಹಿರಂಗ. ಅಮ್ಮನ ಹಗ್ಗದ ಕೆಳಗೆ ಕೆಲವು ಪೆಟ್ಟಿಗೆ. ಇನ್ನೊಂದು ಕಡೆ ಒದ್ದೆ ಗೋಣಿಚೀಲದ ಚಪ್ಪರ. ಅದರಡಿ ಕೆಲವು ಮಗುಚದವು, ಒಂದು ಮಾತ್ರ ದಿನವೂ ಮಗುಚುವಂಥದು. ಬರೀ ಬಿಸಿಲಿಗೆ, ಮುಟ್ಟದೆ ಬಿಟ್ಟದ್ದು ಇನ್ನೊಂದು. ಮಗುಚುವ ಪೆಟ್ಟಿಗೆಯ ವಿಷಯ ಅಮ್ಮನಿಗೆ ಹೇಗೆ ಹೇಳುವುದೆಂದು ತಿಳಿಯದೆ ಒದ್ದಾಡಿದೆ. ಸಾಯುತ್ತದೆಂದು ಗೊತ್ತಿದ್ದೂ ಯಾಕೆ ಮಗುಚುತ್ತೀ ಎಂದು ಅವಳು ಕೇಳಿಯೇಬಿಟ್ಟಳು. ಗೊತ್ತಿಲ್ಲ, ಹಾಗೆಂದು ನಾನು ಅಂದುಕೊಂಡಿದ್ದೇನೆ ಅಷ್ಟೆ ಎಂದೆ. “ಆ ಪಾಪ ನನ್ನ ಹಗ್ಗದ ಬುಡಕ್ಕೆ ಮಾತ್ರ ಬ್ಯಾಡ” ಎಂದಳು. ನಾಯಿ ಮುಕ್ಕಾಲು ತಿಂದು ಬಿಟ್ಟಿದ್ದ ಗುಂಡಿಯ ಕೆಲವೇ ಮೊಟ್ಟೆಗಳನ್ನು ಅದಕ್ಕೆ ಇಟ್ಟೆ. ಪ್ರತಿದಿನ ಅಮ್ಮ ತಾರಸಿಯಲ್ಲಿಲ್ಲದ ಹೊತ್ತು ನೋಡಿ ಅವನ್ನು ಮಗುಚುತ್ತಿದ್ದೆ.

ಯಾವುದು ಬರುತ್ತದೆ, ಯಾವುದು ಬರುವುದಿಲ್ಲ ಎಂದು ಅಪ್ಪಯ್ಯನಿಗೆ ಗಲ್ಲಾದ ಮುಂದೆಯೇ ನಿಂತು ಹೇಳಿದೆ. ಹಗ್ಗದ ಕೆಳಗಿನವು, ಗೋಣಿಯ ಕೆಳಗೆ ಮಗುಚದವು ಬರುತ್ತವೆ. ಮಗುಚಿದ್ದು ನೆರಳಿದ್ದರೂ ಬರುವುದಿಲ್ಲ. ಬಿಸಿಲಿನದು ಬಂದರೂ ಬರಬಹುದು. ಗಿರಾಕಿಗಳ ಮುಂದೆ ಹೇಳಿದ್ದರಿಂದ ಅದು ಇಡೀ ಬೀದಿಯ ಮಾತಾಯಿತು. ಟಿಫಿನ್ ತಿನ್ನಲು ಬಂದವರು ಸಾಂಬಾರಿನ ಜೊತೆಗೆ ಆಮೆಯ ಸುದ್ದಿಯನ್ನೂ ಕೇಳತೊಡಗಿದರು.

ಒಂದು ದಿನ ಅಪ್ಪಯ್ಯನಿಗೆ ತಡೆಯಲಾಗದೆ, ಸ್ನಾನಕ್ಕೂ ಮೊದಲು ತಾರಸಿಗೆ ಹತ್ತಿ, ಹಗ್ಗದ ಕೆಳಗಿನ ಪೆಟ್ಟಿಗೆಯತ್ತ ಕೈ ಚಾಚಿದರು. ಅಮ್ಮ ಎಲ್ಲಿದ್ದಳೋ, “ಮುಟ್ಟುಕಾಗ!” ಎಂದಳು. “ಸೀರಿ ಮುಟ್ಟುದಿಲ್ಯೇ ಮಾರಾಯ್ತಿ” ಎಂದರು ಅಪ್ಪಯ್ಯ. “ಸೀರಿ ಅಲ್ಲ, ಮೊಟ್ಟಿ. ಅದ್ಕೂ ಈಗ ಮಡಿ” ಎಂದಳು ಅಮ್ಮ. ಆಮ್ಲೆಟ್ ಎಂಬ ಮಾತಿಗೆ ಕಿವಿ ಮುಚ್ಚಿಕೊಳ್ಳುತ್ತಿದ್ದ ಮನುಷ್ಯ ಮೊಟ್ಟೆಗೆ ಮೈಲಿಗೆಯಾದೀತೆಂದು ಕೈ ಹಿಂದಕ್ಕೆಳೆದುಕೊಂಡರು.

ದಿನ ಹತ್ತಿರವಾದಾಗ ಪ್ರೊಫೆಸರರು ನಸುಕಿನಲ್ಲಿ ಬರತೊಡಗಿದರು. ಚಪ್ಪಲಿ ಕೆಳಗೇ ಬಿಟ್ಟು ಬಂದು, “ಅಮ್ಮಾ, ನಂದಿನ್ನೂ ಸ್ನಾನ ಆಗಿಲ್ಲ, ದೂರಾನೇ ನಿಲ್ತೀನಿ” ಎಂದು ಮೆಟ್ಟಿಲ ಬಾಗಿಲಲ್ಲೇ ನಿಲ್ಲುತ್ತಿದ್ದರು. ಎರಡು ಬೆಳಿಗ್ಗೆ ಕಾದು, ಕಾಫಿ ಕುಡಿದು ಹೋದರು. ನಾನು ಊಟ ಬಿಟ್ಟೆ. ಬರದಿದ್ದರೆ ಜೀವನಪರ್ಯಂತ ಗಲ್ಲಾದಲ್ಲಿ ಕೂತು ಚಿಲ್ಲರೆ ಕೊಡುವ ನನ್ನ ಚಿತ್ರ ಕಣ್ಣಮುಂದಿಂದ ಹೋಗುತ್ತಲೇ ಇರಲಿಲ್ಲ.

ಮೂರನೆಯ ಬೆಳಿಗ್ಗೆ ಹಗ್ಗದ ಕೆಳಗಿನ ಮರಳು ಅಲುಗಿತು. ಅದರ ಹಿಂದೆಯೇ ಗೋಣಿಯ ಕೆಳಗಿನ, ಮಗುಚದ ಪೆಟ್ಟಿಗೆಗಳು. ಅಪ್ಪಯ್ಯ ಪೆಟ್ಟಿಗೆಯಿಂದ ಪೆಟ್ಟಿಗೆಗೆ ಓಡುತ್ತ, “ಇದ್ ಹೇಳಿದ್ದ... ಇದೂ ಹೇಳಿದ್ದ...” ಎಂದು ತಾವೇ ಲೆಕ್ಕ ಹಿಡಿಯುತ್ತಿದ್ದರು. ಮಗುಚಿದ ಪೆಟ್ಟಿಗೆ ಅಲುಗಲಿಲ್ಲ. ಬಿಸಿಲಿನದೂ ಅಲುಗಲಿಲ್ಲ. ಇನ್ನೂ ಹಲವು ದಿನ ಕಾದು ಬಿಚ್ಚಿದಾಗಲೂ ಅವೆರಡರಲ್ಲಿ ಒಂದು ಮರಿಯೂ ಇರಲಿಲ್ಲ. ಆದರೆ ಆ ಬೆಳಿಗ್ಗೆಯೇ ಪ್ರೊಫೆಸರರು ಬಾಗಿಲಿನಿಂದ ಕೂಗಿ ಹೇಳಿದ್ದರು: “ನೀನೂ ಶರಿ, ನಾನೂ ಶರಿ! ನೆರಳೂ ಬೇಕು, ಮುಟ್ಟಲೂಬಾರದು. ಸೋಮವಾರ ಲ್ಯಾಬಿಗೆ ಬಂದ್ಬಿಡಪ್ಪಾ.”

ಮೊಟ್ಟೆ ಇಟ್ಟ ಕೆಲವು ತಾಸಿನ ಮೇಲೆ ಮರಿಯ ಮೊಳಕೆ ಚಿಪ್ಪಿನ ಒಳಗೋಡೆಗೆ ಅಂಟಿಕೊಳ್ಳುತ್ತದೆ, ಆಮೇಲೆ ಮಗುಚಿದರೆ ಕಿತ್ತು ಸಾಯುತ್ತದೆ ಎಂಬುದನ್ನು ಮುಂದೆ ಸೂಕ್ಷ್ಮದರ್ಶಕದ ಕೆಳಗೆ ನಾನೇ ನೋಡಿದೆ. ಆ ಕೆಲಸ ನನ್ನ ಇಡೀ ಜೀವನಕ್ಕೆ ಸಾಕಾಯಿತು.

ಆ ದಿನ ಮರಿಗಳನ್ನು ಕಡಲಿಗೆ ಒಯ್ಯುವಾಗ ಅಪ್ಪಯ್ಯನೂ ಹೊರಟರು. ಬೆಳಗಿನ ಕಾಫಿಯ ಹೊತ್ತಿನಲ್ಲಿ ಅವರು ಗಲ್ಲಾ ಬಿಟ್ಟದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ಪಂಚೆ ಎತ್ತಿ ಕಟ್ಟಿ, ಹರಿವಾಣವನ್ನು ತೊಡೆಯ ಮೇಲಿಟ್ಟುಕೊಂಡು ರಿಕ್ಷಾದಲ್ಲಿ ಕೂತರು. ಕುಪ್ಪಂನ ಜನ, ಸೇವಾದಳದ ಹುಡುಗರು, ಪ್ರೊಫೆಸರರು, ಅಮ್ಮ, ಎಲ್ಲರೂ ಸಾಲಾಗಿ ನಿಂತ ನಡುವೆ ಮರಿಗಳು ನೀರಿನ ಕಡೆಗೆ ಹರಿದವು. ಕೊನೆಯ ಒಂದು ಮರಿ ಅಪ್ಪಯ್ಯನದೇ ಹೆಜ್ಜೆಗುರುತಿನೊಳಗೆ ಬಿದ್ದು ಒದ್ದಾಡಿತು. ಎತ್ತಿ ಬಿಡಲು ಅವರು ಬಗ್ಗಿದರು, ಅಮ್ಮನತ್ತ ನೋಡಿದರು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತರು. ಮರಿ ಜಾರಿತು, ಮತ್ತೆ ಹತ್ತಿತು, ಮತ್ತೆ ಜಾರಿತು. ಕೊನೆಗೆ ಅಂಚು ದಾಟಿತು. ಒಂದು ತೆರೆ ಬಂದು ಅದನ್ನು ಎತ್ತಿಕೊಂಡು ಹೋಯಿತು.

ಅಪ್ಪಯ್ಯ ಎದ್ದು ಪಂಚೆಯ ಮರಳು ಕೊಡವಿದರು. ನನ್ನ ಹೆಗಲ ಮೇಲೆ ಕೈಯಿಟ್ಟರು.

“ಹ್ವಾದ್ ವರ್ಷದ್ದ್ ದೇವ್ರ ಕೆಲ್ಸ” ಎಂದರು. “ಇದ್ ನಿಂದ್.”

ಆಮೇಲೆ, ಗಲ್ಲಾಕ್ಕೆ ಹೊತ್ತಾಯಿತೆಂದು ಒಬ್ಬರೇ ರಿಕ್ಷಾ ಹತ್ತಿ ಹೊರಟುಹೋದರು.